ಎರಡು ಡಬ್ಬಿಗಳ ಬೀಗತನ

ನಾನು ಓದಿದ್ದು ನಾಲ್ಕನೇ ಇಯತ್ತೆ. ಮೋಡೆಮ್ ಅಂದರೇನು ಎಂದು ಇವತ್ತಿಗೂ ನನಗೆ ಬಿಡಿಸಿ ಹೇಳಲು ಬರುವುದಿಲ್ಲ. ಆದರೆ ಬಸವಕಲ್ಯಾಣದ ನಮ್ಮ ಮನೆಯ ಮೋಡೆಮ್ಮೂ ಹುಮನಾಬಾದಿನ ಬೀಗರ ಮೋಡೆಮ್ಮೂ ನಾಲ್ಕು ದಿನ ಒಂದಕ್ಕೊಂದು ಮಾತಾಡದೆ ಕೂತಾಗ, ಕಾರಣ ಹಿಡಿದವಳು ನಾನೇ. ಕಲಿತವರು ಕಂಬ ಹತ್ತಿ ಹುಡುಕಿದರು. ನಾನು ಫೋನು ಎತ್ತಿ ಕೇಳಿದೆ, ಅಷ್ಟೆ.

ಬೀಗರದು ಹುಮನಾಬಾದಿನಲ್ಲಿ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆಯೇ ಅಲ್ಲಿಯ ಮುಖ್ಯ ಕೆಲಸ. ಅವರ ಮಗಳು, ಅಂದರೆ ನನ್ನ ಸೊಸೆ, ಮದುವೆಗೆ ಮುಂಚೆ ಅಲ್ಲೇ ಕಂಪ್ಯೂಟರಿನಲ್ಲಿ ಪತ್ರಿಕೆ ತಯಾರು ಮಾಡುತ್ತಿದ್ದಳು. ಮದುವೆಯಾದ ಮೇಲೆ ಕಂಪ್ಯೂಟರೂ ಅವಳ ಹಿಂದೆ ನಮ್ಮ ಮನೆಗೆ ಬಂತು. ಇಲ್ಲಿ ಮಾಡಿದ ಪತ್ರಿಕೆಯನ್ನು ಫ್ಲಾಪಿಗೆ ತುಂಬಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ತವರಿಗೆ ಕಳಿಸುವುದು. ಆ ಪುಣ್ಯಾತ್ಮ ಅದನ್ನು ಡ್ರೈವರನ ಪಕ್ಕದ ಕಾದ ಬಾನೆಟ್ಟಿನ ಮೇಲೆ ಇಟ್ಟು ಮರೆಯುತ್ತಿದ್ದ. ಹುಮನಾಬಾದಿಗೆ ಮುಟ್ಟಿದಾಗ ಫ್ಲಾಪಿ ತೆರೆಯುತ್ತಿರಲಿಲ್ಲ. ಆಗ ಸೊಸೆಯೇ ಇನ್ನೊಂದು ಫ್ಲಾಪಿ ಹಿಡಿದು ಬಸ್ಸು ಹತ್ತುವಳು.

ಕೂಸು ಹುಟ್ಟುವವರೆಗೆ ನಾನು ಏನೂ ಅನ್ನಲಿಲ್ಲ. ಐದು ತಿಂಗಳ ಕೂಸನ್ನು ಎತ್ತಿಕೊಂಡು ಸೊಸೆ ಆ ಧೂಳಿನಲ್ಲಿ ವಾರಕ್ಕೆರಡು ಸಲ ಹೋಗಿ ಬಂದು, ಕೂಸಿಗೆ ಕೆಮ್ಮು ಹತ್ತಿದಾಗ ಅಂದೆ:

"ನೋಡವಾ, ಕೂಸರೆ ಇರಲಿ, ಬಸ್ಸರೆ ಇರಲಿ. ಎರಡೂ ಆಗಂಗಿಲ್ಲ."

"ಕೆಲ್ಸ ಬಿಡು ಅಂತೀರೇನ್ರಿ ಅತ್ತಿ?"

"ಬಸ್ ಬಿಡು ಅಂದೆ. ಕೆಲ್ಸದ್ದು ನಿಮ್ಮಪ್ಪಗ ಕೇಳು."

ಅವಳು ಅಳಲಿಲ್ಲ. ಆದರೆ ಆ ದಿನ ರೊಟ್ಟಿ ಬಡಿದ ಸಪ್ಪಳ ಮೂರು ಮನೆ ಆಚೆಗೂ ಕೇಳಿಸಿರಬೇಕು. ಆ ಕೆಲಸ ಅವಳಿಗೆ ಎಷ್ಟು ಬೇಕು ಎಂಬುದು ನನಗೆ ಆ ಸಪ್ಪಳದಲ್ಲೇ ತಿಳಿಯಿತು.

ಬೀಗರು ಗುಲ್ಬರ್ಗಾದ ಒಬ್ಬ ಮೆಕ್ಯಾನಿಕನನ್ನು ಹಿಡಿದು ತಂದರು. ಎರಡೂ ಊರಿನ ನಡುವೆ ಟೆಲಿಫೋನಿನವರ ತಾಮ್ರದ ತಂತಿ ಹೇಗೂ ಇತ್ತು. ಅದರಲ್ಲಿ ಒಂದು ಜೋಡಿ ಎಳೆಯನ್ನು ಬಾಡಿಗೆಗೆ ಹಿಡಿದು, ಆ ತುದಿಗೊಂದು ಈ ತುದಿಗೊಂದು ಮೋಡೆಮ್ ಕೂಡಿಸಿದರೆ, ಪತ್ರಿಕೆ ತಂತಿಯೊಳಗೇ ಓಡಿಹೋಗುತ್ತದಂತೆ. ಅದೂ ಭಾರೀ ಸ್ಪೀಡಿನವು, ಇವಕ್ಕಿಂತ ಜೋರು ಪೇಟೆಯಲ್ಲೇ ಇಲ್ಲ ಎಂದ ಮೆಕ್ಯಾನಿಕ. ನೋಡಿದರೆ ರೊಟ್ಟಿ ಡಬ್ಬಿಯಷ್ಟಿತ್ತು. ಅದರ ಹೊಟ್ಟೆಯ ಕೆಳಗೆ ಅಕ್ಕಿಕಾಳಿನಂಥ ಸ್ವಿಚ್ಚುಗಳ ಸಾಲು. ಅದರಲ್ಲಿ ಒಂದನ್ನು ತೋರಿಸಿ ಹೇಳಿದ:

"ಒಂದು ಕಡೀದು ಕರೀಬೇಕು, ಇನ್ನೊಂದು ಕಡೀದು ಓ ಅನಬೇಕು. ಹುಮನಾಬಾದಿಂದು ಕರಿಯೋದಕ್ಕ ಇಟ್ಟೀನಿ, ನಿಮ್ಮದು ಓ ಅನ್ನೋದಕ್ಕ. ಕೈ ಹಚ್ಚಬ್ಯಾಡ್ರಿ."

ಆವತ್ತು ಡಬ್ಬಿ ಕೀರ್ ಎಂದು ಕಿರುಚಿ, ಉಸ್ ಎಂದು ಸುಮ್ಮನಾಯಿತು. ಮಿಟುಕುವುದು ಬಿಟ್ಟು ದೀಪಗಳು ನಿಂತವು. ಸೊಸೆ ಒಂದು ಪತ್ರಿಕೆ ಕಳಿಸಿದಳು, ಹೋಯಿತು. ಎಲ್ಲರೂ ಚಹಾ ಕುಡಿದೆವು. ಮೆಕ್ಯಾನಿಕ ಗುಲ್ಬರ್ಗಾದ ಬಸ್ಸು ಹಿಡಿದ.

ಮರುದಿನ ಮುಂಜಾನೆ ಡಬ್ಬಿ ಚಾಲೂ ಮಾಡಿದರೆ ಕಿರುಚಲಿಲ್ಲ. ಒಂದು ದೀಪ ಮಾತ್ರ ಮಿಟುಕುತ್ತ ಕೂತಿತು.

ಲೈನ್‌ಮನ್ ಬಂದ. ಕಂಬ ಹತ್ತಿದ, ಜೋಡಣೆಗಳನ್ನು ಬಿಚ್ಚಿ ಉಜ್ಜಿದ, ಎರಡೂ ತುದಿಯಲ್ಲಿ ತಂತಿ ಪರೀಕ್ಷೆ ಮಾಡಿದ. "ತಂತಿ ಬೆಳ್ಳಿ ಹಂಗ ಅದ್ರಿ ಯವ್ವಾ, ನಂದೇನೂ ತಪ್ಪಿಲ್ಲ" ಎಂದ. ನನ್ನ ಮಗ ಗುಲ್ಬರ್ಗಾಕ್ಕೆ ಫೋನು ಹಚ್ಚಿದ. ಮೆಕ್ಯಾನಿಕ ಕೇಳಿದ: ನಿಮ್ಮ ಸ್ವಿಚ್ಚು ಇಟ್ಟಲ್ಲೇ ಅದೆಯೇ? ಅದೆ. ಹುಮನಾಬಾದಿಂದೂ ಇಟ್ಟಲ್ಲೇ ಅದೆಯೇ? ಮಗ ತನ್ನ ಮಾವನಿಗೆ ಫೋನು ಮಾಡಿದ. ಕೇಳಿದ್ದು ಹೇಗೆ ಗೊತ್ತೇ?

"ಅಲ್ಲಿ ಎಲ್ಲಾ ಬರೋಬ್ಬರಿ ಅದಾವೇನ್ರಿ ಮಾವಾರ?"

"ಎಲ್ಲಾ ಬರೋಬ್ಬರಿ ಅದಾವ್ರಿ ಅಳಿಯಂದ್ರ. ನಿಮ್ಮ ಕಡೆ?"

"ನಮ್ಮ ಕಡೆನೂ ಬರೋಬ್ಬರಿರಿ."

ಹೀಗೇ ದಿನಾ ಬರೋಬ್ಬರಿ. ಡಬ್ಬಿ ಮಾತ್ರ ಬಾಯಿ ಬಿಡಲಿಲ್ಲ.

ನಾಲ್ಕನೆಯ ದಿನ ಮುಂಜಾನೆ ಬೀಗರ ಫೋನು ಬಂತು. ಘಾಟಬೋರಾಳದ ಲಗ್ನದ ಮನೆಯವರು ತಮ್ಮ ಪತ್ರಿಕೆಗಾಗಿ ಪ್ರೆಸ್ಸಿನಲ್ಲೇ ಬಂದು ಕೂತಿದ್ದಾರೆ. ಮಧ್ಯಾಹ್ನದೊಳಗೆ ಬರದಿದ್ದರೆ ಬಸ್ ಸ್ಟ್ಯಾಂಡಿನ ಹತ್ತಿರದ ಡಿಸೈನರನಿಗೆ ಕೊಡುತ್ತಾರೆ. ಲಗ್ನದ ಸೀಜನ್ನು, ಒಮ್ಮೆ ಕೊಟ್ಟರೆ ಮುಂದಿನ ಕೆಲಸವೂ ಅವನದೇ. ಫೋನು ಇಟ್ಟವಳೇ ಸೊಸೆ ಪೆಟ್ಟಿಗೆಯಿಂದ ಫ್ಲಾಪಿ ತೆಗೆದಳು. ಕೂಸಿನ ತಲೆಗೆ ಕುಲಾವಿ ಕಟ್ಟಿದಳು. ನನ್ನ ಕಡೆ ನೋಡಲಿಲ್ಲ.

ನಾನು ಡಬ್ಬಿಯ ಕಡೆ ನೋಡಿದೆ.

"ಈ ದೀಪ ಯಾಕ ಮಿಟಕಾಕತ್ತದ?"

"ಕಾಯಾಕತ್ತದ್ರಿ. ಅತ್ತಾಗಿನಿಂದ ಕರದ್ರ ಓ ಅಂತದ."

ನಾನೇ ಬೀಗರಿಗೆ ಫೋನು ಹಚ್ಚಿದೆ. "ಬೀಗ್ರ, ನಿಮ್ಮ ಡಬ್ಬಿ ಈಗ ಏನ್ ಮಾಡಾಕತ್ತದ? ಬರೋಬ್ಬರಿ ಅನಬ್ಯಾಡ್ರಿ. ಏನ್ ಮಾಡಾಕತ್ತದ ಹೇಳ್ರಿ."

"ಕಾಯಾಕತ್ತದ್ರಿ ಬೀಗ್ತಿಯವರ. ನಿಮ್ಮದು ಯಾವಾಗ ಕರೀತದ ಅಂತ."

"ನಿಮ್ಮದು ಕರೀಬೇಕಿತ್ತಲ್ಲ?"

ಬೀಗರ ದನಿ ಮೆತ್ತಗಾಯಿತು: "ಅದು ಹಂಗಲ್ರಿ. ಮೆಕ್ಯಾನಿಕ ಹ್ವಾದ ಮ್ಯಾಲ ನನಗ ಸಮಾಧಾನ ಆಗಲಿಲ್ಲ. ಹೆಣ್ಣ ಕೊಟ್ಟವ ನಾ. ದಿನಾ ಮುಂಜಾನೆದ್ದು ನಮ್ಮದು ಗಂಡಿನವ್ರ ಮನಿ ಕಡೆ ಕಿರುಚೋದು ಏನ್ ಚಂದ? ನಾನೇ ಸ್ವಿಚ್ಚು ಓ ಅನ್ನೋ ಕಡೆ ಮಾಡೀನಿ. ನಿಮಗ ಅನುಕೂಲ ಆದಾಗ ನಿಮ್ಮದ ಕರೀಲಿ ಅಂತ."

"ಮತ್ತ ನಮ್ಮ ಹುಡುಗಗ ಯಾಕ ಹೇಳಲಿಲ್ಲ?"

"ಅಳಿಯಂದ್ರಿಗೆ ಹಿಂಗ ಮಾಡ್ರಿ ಅಂತ ಹ್ಯಾಂಗ ಹೇಳೋದ್ರಿ? ಅವರೇ ತಿಳ್ಕೋತಾರ ಅಂತ ಸುಮ್ಮಿದ್ದೆ."

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಈ ಮದುವೆಯ ಮಾತುಕತೆಗೆ ಹೋದಾಗಲೂ ಹೀಗೇ ಆಗಿತ್ತು. ಎಲೆ ಅಡಿಕೆ ತಟ್ಟೆ ನಡುವೆ ಇಟ್ಟುಕೊಂಡು, ಅವರು ನಮ್ಮ ಬಾಯಿ ನೋಡುತ್ತ ನಾವು ಅವರ ಬಾಯಿ ನೋಡುತ್ತ ಒಂದು ತಾಸು ಕೂತಿದ್ದೆವು. ಎಲೆ ಬಾಡುತ್ತ ಬಂದಾಗ "ಹುಡುಗಿ ನಮಗ ಪಸಂದ ಅದಾಳ, ಇನ್ನ ಚಾ ತರ್ರಿ" ಅಂದವಳು ನಾನು. ನಮ್ಮ ಮನೆಯ ಗಂಡಸರು ಇವಳಿಗೆ ತಾಳ್ಮೆಯೇ ಇಲ್ಲ ಎಂದು ಒಂದು ವಾರ ಆಡಿಕೊಂಡರು.

"ಬೀಗ್ರ, ನಿಮ್ಮದು ಹಂಗ ಕಾಯ್ಲಿ. ಕೈ ಹಚ್ಚಬ್ಯಾಡ್ರಿ. ನಮ್ಮದೇ ಕರೀತದ" ಎಂದು ಫೋನು ಇಟ್ಟೆ.

ಮಗನನ್ನು ಕರೆದು ಡಬ್ಬಿ ಬಂದ್ ಮಾಡಿಸಿದೆ. "ಯವ್ವಾ, ಮಾವಾರು ದೊಡ್ಡವ್ರು, ಅವರದೇ ಮೊದಲ..." ಎಂದು ಅವನೂ ಶುರು ಮಾಡಿದ.

"ನಿಮ್ಮ ಮಾವಗ ಕಾಲ್ ಮುಗಿಯೋದು ಹಬ್ಬದಾಗ ಮುಗಿ. ಈಗ ಇದನ್ನ ಬೋರಲ ಹಾಕು."

ಕನ್ನಡಕ ಏರಿಸಿ, ತಲೆಯ ಪಿನ್ನು ಕಿತ್ತು, ಸೊಸೆ ತೋರಿಸಿದ ಕಾಳನ್ನು ಆ ಕಡೆ ತಳ್ಳಿದೆ. ಮಗ ಮತ್ತೆ ಚಾಲೂ ಮಾಡಿದ. ಡಬ್ಬಿ ಕೀರ್ ಎಂದಿತು. ಕೂಸು ಬೆದರಿ ಅದಕ್ಕಿಂತ ಜೋರಾಗಿ ಕಿರುಚಿತು. ಆಮೇಲೆ ಉಸ್ ಎಂಬ ಸಪ್ಪಳ, ದೀಪಗಳು ನಿಂತವು. ಸೊಸೆ ಕುರ್ಚಿಗೆ ಹೋಗಿ ಕೂತಳು. ಕೂಸಿನ ಕುಲಾವಿ ಬಿಚ್ಚಿ ಗೂಟಕ್ಕೆ ಹಾಕುವಷ್ಟರಲ್ಲಿ ಘಾಟಬೋರಾಳದ ಪತ್ರಿಕೆ ಅರ್ಧ ದಾರಿ ದಾಟಿತ್ತು.

ಬೀಗರ ಫೋನು ಬಂತು. "ಮುಟ್ಟಿತ್ರಿ ಬೀಗ್ತಿಯವರ! ನೀವೇ ಮೊದಲ ಕರದ್ರಿ, ನಮ್ಮ ಪುಣ್ಯಾ."

"ಪುಣ್ಯ ಇರ್ಲಿ. ಮದುಮಗಳ ಹೆಸರು ಬರೋಬ್ಬರಿ ಅದ ಏನು ನೋಡ್ರಿ."

ಮತ್ತೆ ಯಾರಿಗೂ ಮರ್ಯಾದೆ ಉಕ್ಕಿ ಬರಬಾರದೆಂದು, ಎರಡೂ ಡಬ್ಬಿಯ ಆ ಸ್ವಿಚ್ಚಿಗೆ ಸೊಸೆಯ ನೇಲ್ ಪಾಲಿಶ್ ಮೆತ್ತಿಸಿ ಬಿಗಿ ಮಾಡಿಸಿದೆ. ಹುಮನಾಬಾದಿನದಕ್ಕೆ ನಾನೇ ಹೋಗಿ ಎದುರು ನಿಂತು ಮೆತ್ತಿಸಿದೆ. ಆ ಸೀಜನ್ನಿನ ಪತ್ರಿಕೆಗಳನ್ನೆಲ್ಲ ಸೊಸೆ ಮನೆಯಲ್ಲೇ ಕೂತು, ತೊಟ್ಟಿಲಿನ ಹಗ್ಗವನ್ನು ಕಾಲ ಬೆರಳಿಗೆ ಸಿಕ್ಕಿಸಿಕೊಂಡು ಮಾಡಿದಳು. ಕೂಸಿನ ಕೆಮ್ಮೂ ಹೋಯಿತು.

ಕಂಡಕ್ಟರ ಮಾತ್ರ ಸ್ವಲ್ಪ ದಿನ ತಡೆದು ನನ್ನನ್ನು ನಿಲ್ಲಿಸಿ ಕೇಳಿದ: "ಅಕ್ಕಾರು ನನ್ನ ಮ್ಯಾಲ ಸಿಟ್ಟಾಗ್ಯಾರೇನ್ರಿ? ಏನೂ ಕಳಸವಲ್ರು."

"ಇಲ್ಲಪ್ಪ. ನಿನ್ನ ಬಾನೆಟ್ಟಿನ ಮ್ಯಾಲ ಇನ್ನ ನಿನ್ನ ಬುತ್ತಿ ಇಟ್ಕೊ, ಬೆಚ್ಚಗಿರ್ತದ" ಎಂದೆ.