ದಿವಾನರ ಚಿತ್ರದ ಮಗ್

ಅಣ್ಣನ ಮಾತು ನಿಂತದ್ದು ಶಾಲೆಯ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ. ಹರಿಹರದ ಒಂದು ಪ್ರೌಢಶಾಲೆಯಲ್ಲಿ ಅವನು ಸಮಾಜ ಪಾಠ ಮಾಡುತ್ತಿದ್ದ. ಮಕ್ಕಳ ಸಾಲಿನ ಮುಂದೆ ನಿಂತವನು ಬಲಕ್ಕೆ ವಾಲಿ ಕುಸಿದನಂತೆ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ದಾವಣಗೆರೆಯ ಆಸ್ಪತ್ರೆಯಿಂದ ಹೊರಬರುವ ಹೊತ್ತಿಗೆ ಕಾಲು ಬಂದಿತ್ತು, ಬಲಗೈ ಅರ್ಧ ಬಂದಿತ್ತು, ಮಾತು ಬಂದಿರಲಿಲ್ಲ. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಉತ್ತರ ಕೊಡಹೋದರೆ 'ಅದು, ಅದು' ಎಂಬುದೊಂದೇ ಬಾಯಿಂದ ಬರುತ್ತಿತ್ತು.

ಮಾತು ಕಲಿಸುವ ಚಿಕಿತ್ಸೆ ಹರಿಹರದಲ್ಲಿ ಸಿಗಲಿಲ್ಲ. ಅತ್ತಿಗೆಗೆ ಅಲ್ಲೇ ಅಂಗನವಾಡಿ ಕೆಲಸ. ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಒಬ್ಬಳೇ ಇರುವವಳು, ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ. ಅಣ್ಣನನ್ನು ನನ್ನ ಮನೆಗೇ ಕರೆತಂದೆವು. ವಾರಕ್ಕೆ ಮೂರು ಸಂಜೆ ಆಟೊದಲ್ಲಿ ಎಸ್.ಎಸ್. ಬಡಾವಣೆಯ ಚಿಕಿತ್ಸಾಲಯಕ್ಕೆ ಹೋಗುತ್ತಿದ್ದೆವು. ಆ ತಿಂಗಳುಗಳಲ್ಲಿ ನಾನು ಅತ್ತದ್ದು ನೆನಪಿಲ್ಲ. ಅವನಿಗೆ ಅಂಗಿ ತೊಡಿಸುತ್ತಿದ್ದೆ, ಅನ್ನ ಕಲಸಿಡುತ್ತಿದ್ದೆ, ಆಫೀಸಿಗೆ ಹೋಗಿ ಪತ್ರ ಟೈಪ್ ಮಾಡುತ್ತಿದ್ದೆ. ಹೆಂಗಿದ್ದಾರೆ ಎಂದು ಯಾರಾದರೂ ಕೇಳಿದರೆ 'ಅಡ್ಡಿಯಿಲ್ಲ' ಅನ್ನುತ್ತಿದ್ದೆ. ಒಳಗೆ ಏನಾದರೂ ಇದೆಯೇ ಎಂದು ನೋಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಚಿಕಿತ್ಸೆ ಕೊಡುವ ಹುಡುಗಿಗೆ ಹೆಚ್ಚೆಂದರೆ ಇಪ್ಪತ್ತೈದು. ಹಸು, ಬೀಗ, ಚಮಚದ ಚಿತ್ರಗಳನ್ನು ತೋರಿಸಿ ಹೆಸರು ಕೇಳುತ್ತಿದ್ದಳು. ಎರಡು ವಾರವಾದರೂ ಒಂದೂ ಬರಲಿಲ್ಲ.

"ಚಿತ್ರ ಸಾಕು ಬಿಡ್ರಿ," ಅಂದಳು. "ಮನಿಯಾಗ ಸರ್ ದಿನಾ ಮುಟ್ಟೋ ಸಾಮಾನು ಏನರ ಇದ್ರ ತರ್ರಿ."

ಅತ್ತಿಗೆ ಹರಿಹರದಿಂದ ಒಂದು ಚೀಲ ಕಳಿಸಿದಳು. ಗಡಿಯಾರ, ಕನ್ನಡಕದ ಡಬ್ಬಿ, ಬಾಚಣಿಗೆ, ಅವನು ಚಹಾ ಕುಡಿಯುವ ಮಗ್. ಹಿಂದೊಮ್ಮೆ ಶಾಲೆಯ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದೊಯ್ದಾಗ ಕೊಂಡದ್ದು ಅದು. ಬಿಳಿ ಪಿಂಗಾಣಿಯ ಮೇಲೆ ಹಳೆಯ ಮೈಸೂರಿನ ದಿವಾನರೊಬ್ಬರ ಚಿತ್ರ: ಜರಿಯಂಚಿನ ಪೇಟ, ಕಪ್ಪು ಕೋಟು, ಹುಬ್ಬುಗಳ ನಡುವೆ ಒಂದು ಗಂಟು. ಅವರು ಕಟ್ಟಿಸಿದ ಕೆರೆ, ಕಾಲುವೆ, ಶಾಲೆಗಳ ಬಗ್ಗೆ ಅಣ್ಣ ಪ್ರತಿ ವರ್ಷ ಪಾಠ ಮಾಡಿದವನು. ಬೇರೇನೂ ಬರದಿದ್ದರೂ ಆ ಹೆಸರು ಬಂದೀತೆಂದುಕೊಂಡೆ.

ಹುಡುಗಿ ಮಗ್ ತಿರುಗಿಸಿ ಚಿತ್ರವನ್ನು ಅವನ ಕಡೆಗಿಟ್ಟಳು. "ಇವ್ರು ಯಾರ್ರಿ ಸರ್?"

ಅಣ್ಣ ಬಹಳ ಹೊತ್ತು ನೋಡಿದ. ತುಟಿ ಕೂಡಿಸಿದ, ಬಿಟ್ಟ, ಮತ್ತೆ ಕೂಡಿಸಿದ.

"ಅಪ್ಪ," ಅಂದ.

ಮಾತು ಬಂತೆಂದು ಹುಡುಗಿಗೆ ಖುಷಿ, ಉತ್ತರ ತಪ್ಪೆಂದು ಪೇಚು. "ಅಪ್ಪ ಅಲ್ರಿ ಸರ್. ನೀವು ಪಾಠ ಮಾಡ್ತಿದ್ರಲ್ಲ, ಅವ್ರು."

"ಅಪ್ಪ," ಅಂದ ಮತ್ತೆ. ಎಡಗೈಯಿಂದ ಮಗ್ಗನ್ನು ಹತ್ತಿರಕ್ಕೆ ಎಳೆದುಕೊಂಡ.

ಅವಳು ಫೈಲಿನಲ್ಲಿ ಏನೋ ಬರೆದುಕೊಂಡಳು. ಅವಳಿಗೆ ತಿಳಿಯದ ಸಂಗತಿ ಒಂದಿತ್ತು.

ನಮ್ಮಪ್ಪ ಭಾನುವಳ್ಳಿಯಲ್ಲಿ ಗದ್ದೆ ಮಾಡಿಕೊಂಡಿದ್ದವರು. ಅಣ್ಣ ಬೇರೆ ಜಾತಿಯ ಅತ್ತಿಗೆಯನ್ನು ಮದುವೆಯಾಗಿ ಮನೆಗೆ ಕರೆತಂದ ದಿನ, ಮದುವೆ ಮುಂಜಿಗಳಿಗೆಂದು ಇಟ್ಟಿದ್ದ ಪೇಟವನ್ನು ಸುತ್ತಿಕೊಂಡು ಬಾಗಿಲಿಗೆ ಬಂದು ನಿಂತರು. "ಒಳಗ ಬರಬ್ಯಾಡ," ಅಂದರು. ಅಷ್ಟೇ. ಆಮೇಲೆ ಅಪ್ಪ ಸಾಯುವ ತನಕ ಇಬ್ಬರೂ ಮಾತಾಡಲಿಲ್ಲ. ಅಣ್ಣ ನನ್ನ ಹತ್ತಿರ ಅಪ್ಪನ ಸುದ್ದಿ ಕೇಳುವುದಿದ್ದರೂ 'ಭಾನುವಳ್ಳಿಯವರು ಹೆಂಗಿದಾರೆ?' ಎಂದೇ ಕೇಳುತ್ತಿದ್ದ. ಅಪ್ಪನ ಮಣ್ಣಿಗೆ ಬಂದವನು ದೂರದ ಬದುವಿನ ಮೇಲೆ ನಿಂತು, ಗುಂಡಿ ಮುಚ್ಚುವ ಮೊದಲೇ ಬಸ್ಸು ಹತ್ತಿ ಹೋಗಿದ್ದ. 'ಅಪ್ಪ' ಎಂಬ ಮಾತನ್ನು ಅವನ ಬಾಯಲ್ಲಿ ಕೇಳಿ ಇಪ್ಪತ್ತು ವರ್ಷವಾಗಿತ್ತು.

ಕೇಳಿದಾಗ ಏನೋ ಆಗಬೇಕಿತ್ತು. ಆಗಲಿಲ್ಲ. ಆಟೊ ಸಿಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಆ ಭಾನುವಾರ, ಅವನನ್ನು ಕೂರಿಸಿಕೊಂಡು ಕೇಳಿದೆ. "ಅಣ್ಣಾ, ಭಾನುವಳ್ಳಿಗೆ ಹೋಗಿ ಬರಾಣೇನು?"

ಅವನು ಎದ್ದು ಚಪ್ಪಲಿ ಹುಡುಕಿದ.

ಹರಿಹರದಲ್ಲಿ ಅತ್ತಿಗೆಯೂ ಬಸ್ಸು ಹತ್ತಿದಳು. ಅವಳು ಆ ಊರಿಗೆ ಬಂದದ್ದು ಅದು ಎರಡನೆಯ ಸಲ. ಕಾಲುವೆಯ ದಂಡೆಗುಂಟ ನಿಧಾನ ನಡೆದೆವು. ಗದ್ದೆಗೆ ನೀರು ಬಿಟ್ಟಿದ್ದರು. ಅಪ್ಪನ ಸಮಾಧಿಯ ಕಲ್ಲಿನ ಹತ್ತಿರ ಅಣ್ಣ ನಿಂತ, ಎಡಗೈಯನ್ನು ಅದರ ಮೇಲಿಟ್ಟ. ಹೇಳಲು ಬಾಯಿ ತೆರೆದ.

"ಅದು," ಅಂದ. "ಅದು, ಅದು."

ಬೇಕಾದ ಮಾತು ಅಲ್ಲಿ ಬರಲಿಲ್ಲ. ಅವನ ಮುಖ ಕೆಂಪಾಯಿತು. ಅತ್ತಿಗೆ ಅವನ ತೋಳು ಹಿಡಿದು, "ಇರ್ಲಿ ಬಿಡ್ರಿ, ತಿಳೀತೈತೆ," ಅಂದಳು. ಯಾರಿಗೆ ತಿಳಿಯುತ್ತದೆ ಎಂದು ಅವಳು ಹೇಳಲಿಲ್ಲ. ಕೆಸರಾದ ಅವನ ಚಪ್ಪಲಿಯನ್ನು ಕಾಲುವೆಯಲ್ಲಿ ತೊಳೆದುಕೊಟ್ಟೆ.

ಆಮೇಲೆ ಪದಗಳು ಒಂದೊಂದಾಗಿ ಮರಳಿದವು. ನೀರು. ಬೀಗ. ಅತ್ತಿಗೆಯ ಹೆಸರು. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಸಂಜೆ ಹುಡುಗಿ ಮಗ್ ಎತ್ತಿ ಹಿಡಿದಾಗ ಅಣ್ಣ ದಿವಾನರ ಪೂರ್ತಿ ಹೆಸರನ್ನು, ಬಿರುದಿನ ಸಮೇತ, ತಡವರಿಸದೆ ಹೇಳಿದ. ಅವಳು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಕೈ ತಟ್ಟುತ್ತಿರುವಾಗಲೇ ಗೊತ್ತಾಯಿತು, ಇನ್ನು ಅವನು ಆ ಚಿತ್ರ ನೋಡಿ ಅಪ್ಪ ಅನ್ನುವುದಿಲ್ಲ. ಎದೆಯಲ್ಲಿ ಏನೋ ಒಂದು ಸಲ ಅಲುಗಿದಂತಾಗಿ ನಿಂತಿತು.

ಎರಡು ತಿಂಗಳಾದ ಮೇಲೆ ಅವನನ್ನು ಹರಿಹರಕ್ಕೆ ಬಿಟ್ಟುಬರಲು ಹೊರಟೆ. ಬಸ್ಸಿನಲ್ಲಿ ಕಂಡಕ್ಟರ್ ಬಂದು ನಿಂತಾಗ ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಹರಿಹರ, ಎರಡು ಕೊಡ್ರಿ," ಅಂದ. ಕಂಡಕ್ಟರ್ ಟಿಕೆಟ್ ಹರಿದು ಅವನ ಎಡಗೈಗೆ ಕೊಟ್ಟು ಹಿಂದಿನ ಸೀಟಿಗೆ ಹೋದ.