ಕತ್ತರಿಸಿದ ಅಂಚು

ಮಾನ್ಯ ಸಂಪಾದಕರಿಗೆ, ಹಾಗೂ ತಮ್ಮ ಮೂಲಕ ನಮ್ಮ ಕನ್ನಡ ಕೂಟದ ಸಮಸ್ತ ಓದುಗರಿಗೆ,

ವಿಷಯ: ಗುನ್ನೆಲ್ ಎಂಬ ಮಹಿಳೆಗೆ ನಾನು ಮಾಡಿದ ಅನ್ಯಾಯವನ್ನು ಒಪ್ಪಿಕೊಳ್ಳುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೊದಲನೆಯದಾಗಿ ನನ್ನ ಕಾಗುಣಿತವನ್ನೂ ಕೈಬರಹವನ್ನೂ ಮನ್ನಿಸಬೇಕಾಗಿ ಕೋರುತ್ತೇನೆ. ನನ್ನ ಮನೆಮಾತು ಉರ್ದು. ದಾವಣಗೆರೆಯಲ್ಲಿ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಶಾಲೆ ಬಿಟ್ಟ ಮೇಲೆ ನಾನು ಕನ್ನಡದಲ್ಲಿ ಬರೆದದ್ದೆಂದರೆ ಅರ್ಜಿಗಳು ಮಾತ್ರ. ಆದಕಾರಣ ಅರ್ಜಿಯ ಧಾಟಿಯನ್ನು ಬಿಟ್ಟು ಬೇರೆ ಧಾಟಿ ನನಗೆ ತಿಳಿಯದು. ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡಲು ಬಾರದು. ಕೈಯಲ್ಲಿ ಬರೆದು, ಫೋಟೋ ತೆಗೆದು ಕಳುಹಿಸುತ್ತಿದ್ದೇನೆ.

ಎರಡನೆಯದಾಗಿ — ಇದೇ ಮುಖ್ಯವಾದದ್ದು — ಬೆಂಗಳೂರಿನ ಅಂಗಡಿಯೊಂದರಲ್ಲಿ ಕೊಂಡ ಗಿರಣಿ ಬಟ್ಟೆಯನ್ನು ನಾನು ಕೈಮಗ್ಗದ್ದೆಂದು ಹೇಳಿದೆ. ಅದು ಗಿರಣಿಯದೆಂದು ಗುರುತಿಸಿದ ಮಹಿಳೆಯ ಬಾಯನ್ನು ಎಲ್ಲರ ಮುಂದೆ ಮುಚ್ಚಿಸಿದೆ. ಬಳಿಕ ಆಕೆಯೇ ಬಂದು ನನ್ನಲ್ಲಿ ಕ್ಷಮೆ ಕೇಳಿದಾಗ — ಕ್ಷಮಿಸಿದೆ.

ರಾಜ್ಯೋತ್ಸವದ ಸಂಚಿಕೆಗಾಗಿ, ಸ್ವೀಡನ್ನಿನ ಜನರ ನಡುವೆ ನಮ್ಮ ನಾಡಿನ ಹೆಮ್ಮೆಯನ್ನು ಎತ್ತಿಹಿಡಿದ ಬಗೆಯನ್ನು ಬರೆದುಕೊಡಿ ಎಂದು ತಾವು ದೂರವಾಣಿಯಲ್ಲಿ ಕೇಳಿದಿರಿ. ಆ ಬಟ್ಟೆಯಲ್ಲೇ ಹೊಲಿದ ನೀಲಿ ಅಂಗಿಯಲ್ಲಿರುವ ನನ್ನ ಫೋಟೋವನ್ನು ಮುಖಪುಟಕ್ಕೆ ಹಾಕುವುದಾಗಿಯೂ ತಿಳಿಸಿದಿರಿ. ದಯಮಾಡಿ ಹಾಕಬೇಡಿ. ಕಾರಣವನ್ನು ಕೆಳಗೆ ನಿವೇದಿಸಿಕೊಂಡಿದ್ದೇನೆ.

ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಬ್ರೇಕಿನ ಸಾಫ್ಟ್‌ವೇರನ್ನು ಪರೀಕ್ಷಿಸುವುದು ನನ್ನ ಕೆಲಸ. ಬಂದ ಮೊದಲ ಚಳಿಗಾಲದಲ್ಲಿ, ಕತ್ತಲು ಮಧ್ಯಾಹ್ನವೇ ಇಳಿಯುವ ಆ ದಿನಗಳಲ್ಲಿ, ಇಲ್ಲಿನ ಪುರಸಭೆಯ ಗ್ರಂಥಾಲಯದಲ್ಲಿ ಕೆಲವರು ಸುತ್ತ ಕುಳಿತು ಉಣ್ಣೆ ಬಟ್ಟೆ ಹೊಲಿಯುತ್ತಿದ್ದುದನ್ನು ಕಂಡೆ. ಆರೇಳು ನೂರು ವರ್ಷಗಳ ಹಿಂದೆ ಈ ನಾಡಿನವರು ಹೇಗೆ ಉಟ್ಟು, ಬೇಯಿಸಿ, ಮಲಗುತ್ತಿದ್ದರೋ ಹಾಗೆಯೇ ಬೇಸಿಗೆಯಲ್ಲಿ ಕೆಲವು ದಿನ ಡೇರೆ ಹಾಕಿಕೊಂಡು ಬದುಕುವ ಹವ್ಯಾಸಿಗಳ ಬಳಗವದು. ಅಲ್ಲಿ ಎಲ್ಲಕ್ಕೂ ಪುರಾವೆ ಬೇಕು. ಗಡಿಯಾರ, ಜಿಪ್ಪು, ಯಂತ್ರದ ಹೊಲಿಗೆ ನಿಷಿದ್ಧ. ಆಲೂಗಡ್ಡೆಯೂ ಟೊಮ್ಯಾಟೊವೂ ಆ ಕಾಲಕ್ಕೆ ಇಲ್ಲಿಗೆ ಬಂದಿರಲಿಲ್ಲವಾದ್ದರಿಂದ ಅವೂ ನಿಷಿದ್ಧ.

ಸಹೋದ್ಯೋಗಿ ರಾಘವೇಂದ್ರನಿಗೆ ಇದು ನಗೆಯ ಮಾತು. “ಏನಪ್ಪಾ ಇಮ್ತಿಯಾಜ್, ಈ ವೀಕೆಂಡೂ ರಾಜರ ಕಾಲಕ್ಕೆ ಹೊರಟ್ಯಾ? ಅಲ್ಲಿ ಪಾರ್ಕಿಂಗ್ ಸಿಗತ್ತಾ?” ಎನ್ನುವನು. ಮೆಣಸಿನಕಾಯಿಯೂ ಇಲ್ಲ, ಕಾಳುಮೆಣಸು ಮಾತ್ರ ಎಂದು ತಿಳಿಸಿದಾಗ, “ಹಸಿಮೆಣಸಿನಕಾಯಿ ಇಲ್ದೆ ಒಂದು ವಾರಾನಾ? ಅದು ಹಾಬಿ ಅಲ್ಲ ಕಣೋ, ಜೈಲು!” ಎಂದಿದ್ದ.

ಆದರೆ ನನಗೆ ಅದು ಜೈಲಾಗಿರಲಿಲ್ಲ. ಈ ದೇಶದಲ್ಲಿ ನನ್ನ ವೀಸಾ, ನನ್ನ ಪರ್ಸೊನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ, ನನ್ನ ಹೆಸರಿನ ಉಚ್ಚಾರ ಯಾವುದನ್ನೂ ಕೇಳದೆ ಜನರು ನನ್ನ ಪಕ್ಕ ಕುಳಿತ ಸ್ಥಳ ಅದೊಂದೇ.

ಪಕ್ಕ ಕುಳಿತವರು ಗುನ್ನೆಲ್. ಹಲ್ಲಿನ ವೈದ್ಯೆಯಾಗಿದ್ದು ನಿವೃತ್ತರಾದವರು. ಬಳಗದ ಬಟ್ಟೆಗಳ ತಪಾಸಣೆ ಅವರದು. ಹೊಲಿಗೆ ನೋಡುವಾಗ “ಬಾಯಿ ತೆರೆ” ಎನ್ನುವವರಂತೆಯೇ ಬಟ್ಟೆಯ ಕೊರಳನ್ನು ಹಿಡಿಯುತ್ತಿದ್ದರು. ಮಾತು ಒರಟು. ರಬ್ಬರ್ ಅಟ್ಟೆಯ ಬೂಟು ಧರಿಸಿ ಬಂದ ಒಬ್ಬನನ್ನು ಶಿಬಿರದ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದರು. ಅವರನ್ನು ಕಂಡರೆ ಹಲವರಿಗೆ ಆಗುತ್ತಿರಲಿಲ್ಲ — ಇದನ್ನು ಇಲ್ಲಿ ಏಕೆ ಬರೆಯುತ್ತಿದ್ದೇನೆಂದರೆ, ನಾನು ಅದನ್ನು ಬಲ್ಲೆ. ಬಲ್ಲವನಾಗಿಯೇ ಮುಂದಿನದನ್ನು ಮಾಡಿದೆ.

ದಾರಕ್ಕೆ ಜೇನುಮೇಣ ಸವರುವುದನ್ನು, ಕಂಕುಳಲ್ಲಿ ಚೌಕ ತುಂಡು ಕೂಡಿಸುವುದನ್ನು, ಹೊಲಿಗೆಯ ಒಳಅಂಚನ್ನು ಮಡಚಿ ಕೂರಿಸುವುದನ್ನು ನನಗೆ ಕಲಿಸಿದವರು ಅವರೇ. ಬಳಗದ ಸಭೆಯಲ್ಲಿ ಒಮ್ಮೆ ನನ್ನ ಬಗ್ಗೆ ಪ್ರಶ್ನೆ ಎದ್ದಿತು. ಆ ಕಾಲದ ಸ್ವೀಡನ್ನಿನ ಪಟ್ಟಣದಲ್ಲಿ ನನ್ನಂಥ ಬಣ್ಣದವನು ಇದ್ದನೆಂಬುದಕ್ಕೆ ಪುರಾವೆ ಏನು ಎಂದು ಯಾರೋ ನಗುನಗುತ್ತ, ಕೆಟ್ಟ ಉದ್ದೇಶವಿಲ್ಲದೆ ಕೇಳಿದರು. ನಾನು ತಲೆ ತಗ್ಗಿಸಿದೆ. ಗುನ್ನೆಲ್ ಅವರು ಹೊಲಿಗೆಯಿಂದ ಕಣ್ಣೆತ್ತದೆ ಹೇಳಿದರು:

“ಇಲ್ಲಿ ಮುಖಕ್ಕೆ ಪುರಾವೆ ಕೇಳುವುದಿಲ್ಲ. ಬಟ್ಟೆಗೆ ಕೇಳುತ್ತೇವೆ.”

ಮಾತು ಅಲ್ಲಿಗೆ ಮುಗಿಯಿತು. ಮುಂದೆ, ದೂರದಿಂದ ಬಂದ ವ್ಯಾಪಾರಿಯೊಬ್ಬನ ಸೇವಕನ ವೇಷಕ್ಕಾಗಿ ನಾನು ಹತ್ತಿಬಟ್ಟೆ ಧರಿಸಲು ವಿನಾಯಿತಿ ಕೋರಿದಾಗಲೂ ನನ್ನ ಪರ ನಿಂತವರು ಅವರೇ. ಹತ್ತಿಗೆ ಇಲ್ಲಿ ಪುರಾವೆ ಬಹಳ ತೆಳು. ಆದರೂ, ಬಟ್ಟೆಯು ಕೈಯಲ್ಲಿ ನೂತು, ಕೈಯಲ್ಲಿ ನೇಯ್ದು, ಗಿಡದ ನೀಲಿಯಲ್ಲಿ ಅದ್ದಿದ್ದಾಗಿರಬೇಕೆಂಬ ಷರತ್ತಿನ ಮೇಲೆ ಒಪ್ಪಿಸಿದರು. ಊರಿಗೆ ಹೋದಾಗ ನೇಕಾರರನ್ನೇ ಹುಡುಕಿ ಬಟ್ಟೆ ತರುವೆನೆಂದು ನಾನು ಮಾತು ಕೊಟ್ಟೆ.

ಊರಿನಲ್ಲಿ ನಾದಿನಿಯ ಮದುವೆ. ರಜೆಯೆಲ್ಲ ಅದರಲ್ಲೇ ಮುಗಿಯಿತು. ವಿಮಾನ ಹತ್ತುವ ದಿನ ಬೆಂಗಳೂರಿನ ಅಂಗಡಿಯೊಂದಕ್ಕೆ ಓಡಿದೆ.

“ಇದು ಹ್ಯಾಂಡ್‌ಲೂಮಾ?”

“ಹ್ಯಾಂಡ್‌ಲೂಮ್ ಥರಾನೇ ಸಾರ್.”

“ಥರಾನೇ ಅಂದ್ರೆ?”

“ಅಯ್ಯೋ, ತಗೊಳ್ಳಿ ಸಾರ್. ನೋಡೋರಿಗೆ ಏನ್ ಗೊತ್ತಾಗತ್ತೆ?”

ಅಂಗಡಿಯವನು ನನಗೆ ಮೋಸ ಮಾಡಲಿಲ್ಲ. ದಯವಿಟ್ಟು ಇದನ್ನು ಗಮನಿಸತಕ್ಕದ್ದು. ನನಗೆ ಗೊತ್ತಿತ್ತು.

ಕೈಮಗ್ಗದಲ್ಲಿ ಲಾಳಿಯು ಅತ್ತಿಂದಿತ್ತ ಓಡುವಾಗ ಅಡ್ಡನೂಲು ಅಂಚಿನಲ್ಲಿ ತಿರುಗಿ ಮರಳುತ್ತದೆ; ಅಂಚು ದುಂಡಗೆ, ಮುಚ್ಚಿದಂತೆ ಇರುತ್ತದೆ. ಹೊಸ ಗಿರಣಿಯ ಯಂತ್ರದಲ್ಲಿ ಪ್ರತಿ ಎಳೆಯೂ ಅಂಚಿನಲ್ಲಿ ತುಂಡಾಗುತ್ತದೆ. ಅಂಚು ಕುಚ್ಚುಕುಚ್ಚಾಗಿ ನಿಲ್ಲುತ್ತದೆ. ಇದನ್ನೂ ನನಗೆ ಕಲಿಸಿದವರು ಗುನ್ನೆಲ್ ಅವರೇ. ಬಟ್ಟೆಯ ಅಂಚನ್ನು ಎಂದೂ ಕತ್ತರಿಸಿ ಬಿಸಾಡಬೇಡ, ಬಟ್ಟೆ ಎಲ್ಲಿಂದ ಬಂತೆಂದು ಹೇಳುವುದು ಅದೇ, ಎನ್ನುತ್ತಿದ್ದರು. ನಾನು ತಂದ ಬಟ್ಟೆಯ ಅಂಚಿನಲ್ಲಿ ಕುಚ್ಚು ಮಾತ್ರವಲ್ಲ, ಗಿರಣಿಯ ಹೆಸರನ್ನೇ ಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ ನೇಯಲಾಗಿತ್ತು. ಊಟದ ಮೇಜಿನ ಮೇಲೆ ಬಟ್ಟೆ ಹರವಿ, ಆ ಅಂಚನ್ನು ಉದ್ದಕ್ಕೂ ಕತ್ತರಿಸಿ ತೆಗೆದೆ. ಉಳಿದದ್ದನ್ನು, ಅವರು ಕಲಿಸಿದಂತೆಯೇ, ಚಳಿಗಾಲವೆಲ್ಲ ಕುಳಿತು ಕೈಯಲ್ಲಿ ಹೊಲಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಹೊಲಿದಿರಲಿಲ್ಲ — ಸುಳ್ಳನ್ನು ಗಟ್ಟಿಮಾಡಲು ಹೊಲಿಗೆಯನ್ನು ಗಟ್ಟಿಮಾಡಿದೆನೋ ಏನೋ...

ವಸಂತದ ತಪಾಸಣೆಯ ದಿನ ಎಲ್ಲರೂ ತಮ್ಮ ಬಟ್ಟೆಯನ್ನು ಒಳಮೈ ಹೊರಗಾಗಿ ತಿರುವಿ ಮೇಜಿನ ಮೇಲಿಡುವುದು ರೂಢಿ. ನನ್ನ ಸರದಿ ಬಂದಿತು. ಗುನ್ನೆಲ್ ಅವರು ಹಲ್ಲು ನೋಡಲು ಧರಿಸುತ್ತಿದ್ದ ತಮ್ಮ ಹಳೆಯ ಭೂತಗನ್ನಡಿಯನ್ನು ಕಣ್ಣಿಗೆ ಏರಿಸಿ ಹೊಲಿಗೆಯ ಮೇಲೆ ಬೆರಳಾಡಿಸಿದರು. “ಬಹಳ ಚೆನ್ನಾಗಿದೆ,” ಎಂದರು. ಆ ಮಾತು ಅವರ ಬಾಯಿಂದ ಬರುವುದು ಅಪರೂಪ. ನನಗೆ ಅಷ್ಟೇ ಸಾಕಿತ್ತು, ಅವರು ಅಲ್ಲಿಗೇ ನಿಲ್ಲಿಸಿದ್ದರೆ... ಅವರು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ನೂಲು ಎಲ್ಲ ಕಡೆಯೂ ಒಂದೇ ಸಮ ಇದೆ. ಕೈಯಲ್ಲಿ ನೂತದ್ದು ಹೀಗಿರುವುದಿಲ್ಲ. ಇದರ ಅಂಚು ಎಲ್ಲಿ?”

“ಹೊಲಿಯುವಾಗ ಹೋಯಿತು.”

“ಪೂರ್ತಿ ಹೋಯಿತೆ? ಯಾರು ನೂತದ್ದು ಇದು?”

ಎಲ್ಲರೂ ನೋಡುತ್ತಿದ್ದರು. ನನ್ನ ಅಜ್ಜಿಯ ಊರಿನವರು ನೂತದ್ದು ಎಂದೆ. ಅಷ್ಟಕ್ಕೇ ಬಿಡದೆ, ದನಿಯನ್ನು ಒಂದಿಷ್ಟು ನಡುಗಿಸಿ — ಹೌದು, ಬೇಕೆಂದೇ — ಹೀಗೆಂದೆ:

“ನನ್ನ ಜನರ ಬಟ್ಟೆ ಯಾವುದೆಂದು ನೀವು ನನಗೆ ಹೇಳಿಕೊಡುತ್ತೀರಾ?”

ಸ್ವೀಡಿಷಿನಲ್ಲಿ ಎಲ್ಲರಿಗೂ ಏಕವಚನವೇ. ನಾನಂದು ಆಡಿದ್ದೂ ಏಕವಚನವೇ. ಇಲ್ಲಿ ಹಾಗೆ ಬರೆಯಲು ಕೈ ಏಳಲಿಲ್ಲ.

ಕೋಣೆ ಸ್ತಬ್ಧವಾಯಿತು. ಇಲ್ಲಿ ಬಾಳುವ ತಮಗೆ ಆ ಸ್ತಬ್ಧತೆಯನ್ನು ವಿವರಿಸಬೇಕಾಗಿಲ್ಲ. ಬಣ್ಣ ನೋಡಿ ಮನುಷ್ಯರನ್ನು ಅಳೆಯುವವರಿಗೆ ಒಂದು ಕೆಟ್ಟ ಹೆಸರುಂಟು. ಈ ನಾಡಿನ ಸಜ್ಜನರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಅದಕ್ಕೆ. ಆ ಶಬ್ದವನ್ನು ನಾನು ಉಚ್ಚರಿಸಲಿಲ್ಲ. ಉಚ್ಚರಿಸುವ ಅಗತ್ಯ ಬೀಳಲಿಲ್ಲ. ಬಳಗದ ಮುಖ್ಯಸ್ಥ ಮತಿಯಾಸ್ ನೆಲ ನೋಡುತ್ತ, “ಗುನ್ನೆಲ್, ಸಾಕು ಬಿಡಿ,” ಎಂದರು.

ಗುನ್ನೆಲ್ ಅವರ ಕುತ್ತಿಗೆ ಕೆಂಪೇರಿತು. ಅಂಗಿಯನ್ನು ನೆಟ್ಟಗೆ ತಿರುವಿ, ತೋಳುಗಳನ್ನು ಮಡಚಿ, ಎರಡೂ ಕೈಯಲ್ಲಿ ನನಗೆ ಕೊಟ್ಟು, ಕ್ಷಮಿಸು ಎಂದರು. ಭೂತಗನ್ನಡಿಯನ್ನು ಕಳಚಿ ಮೇಜಿನ ಮೇಲಿಟ್ಟರು. ಆಮೇಲಿನ ಫೀಕಾಗೆ, ಅಂದರೆ ಕಾಫಿ ತಿಂಡಿಗೆ, ಅವರು ನಿಲ್ಲಲಿಲ್ಲ. ನಾನು ನಿಂತೆ. ಜನರು ಬಂದು ಬೆನ್ನು ತಟ್ಟಿದರು; “ಒಬ್ಬರಾದರೂ ಹೇಳಬೇಕಿತ್ತು ಅವರಿಗೆ,” ಎಂದರು. ನಾನು ದಾಲ್ಚಿನ್ನಿ ಬನ್ನು ತಿಂದೆ. ರುಚಿಯಾಗಿತ್ತು. ಅದನ್ನೂ ಇಲ್ಲಿ ನಮೂದಿಸಬೇಕೆನಿಸುತ್ತದೆ.

ಅವರು ಮತ್ತೆ ಬಳಗಕ್ಕೆ ಬರಲಿಲ್ಲ.

ಈ ನಾಡಿನಲ್ಲಿ ನನಗೆ ಅಂಥ ಅವಮಾನ ಆಗಿಯೇ ಇಲ್ಲವೆಂದು ಹೇಳುತ್ತಿಲ್ಲ. ಆಗಿದೆ. ಸಂತೆಯ ದಿನವೊಂದರಲ್ಲಿ, ವೇಷ ಧರಿಸಿ ನಿಂತ ನನ್ನನ್ನು ಕಸ ಗುಡಿಸಲು ಬಂದವನೆಂದು ಒಬ್ಬಾತ ಕರೆದದ್ದುಂಟು. ಅಂದು ನಾನು ಬಾಯಿ ಬಿಡಲಿಲ್ಲ. ಆಡಬೇಕಾದವನ ಮುಂದೆ ಆಡದ ಮಾತನ್ನು ಕೂಡಿಟ್ಟುಕೊಂಡು, ನನ್ನ ಪರ ನಿಂತ ಒಬ್ಬಳೇ ಹೆಂಗಸಿನ ಮೇಲೆ ಆಡಿದೆ. ಅವರು ಕೇಳಿದ್ದು ಬಟ್ಟೆಗೆ ಪುರಾವೆ. ನಾನು ಮುಂದಿಟ್ಟದ್ದು ಮುಖವನ್ನು.

ಇಷ್ಟಕ್ಕೇ ಮುಗಿದಿದ್ದರೆ — ಆದರೆ ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ.

ಮರುವರ್ಷ ಮಗಳೊಂದಿಗೆ ದಿನಸಿ ಅಂಗಡಿಯಲ್ಲಿದ್ದಾಗ ಗುನ್ನೆಲ್ ಅವರು ಎದುರಾದರು. ಮಗಳ ಹಲ್ಲು ಬಿದ್ದ ಜಾಗವನ್ನು ನೋಡಿ ಏನೋ ತಮಾಷೆ ಮಾಡಿದರು; ಅವಳು ಸ್ವೀಡಿಷಿನಲ್ಲಿ ಪಟಪಟನೆ ಉತ್ತರ ಕೊಟ್ಟಳು. “ಕಂಕುಳ ತುಂಡು ಗಟ್ಟಿಯಾಗಿ ನಿಂತಿದೆಯೇ? ಮೊದಲು ಹರಿಯುವುದು ಅಲ್ಲಿಯೇ,” ಎಂದು ನನ್ನನ್ನು ಕೇಳಿದರು. ನಿಂತಿದೆ ಎಂದೆ. ಆಮೇಲೆ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟು ಹೇಳಿದರು:

“ಆ ದಿನದ ಬಗ್ಗೆ ಬಹಳ ಯೋಚಿಸಿದೆ. ಬೇರೆಯವರ ನೂಲಾಗಿದ್ದರೆ ನಾನು ಹಾಗೆ ಕೆದಕುತ್ತಿದ್ದೆನೇ ಎಂದು. ಕೆದಕುತ್ತಿರಲಿಲ್ಲವೇನೋ. ಅಂಥದ್ದು ನನ್ನೊಳಗೆ ಇದೆ ಎಂದು ಈ ವಯಸ್ಸಿನವರೆಗೂ ನನಗೆ ತಿಳಿದಿರಲಿಲ್ಲ. ನನ್ನನ್ನು ಕ್ಷಮಿಸುತ್ತೀಯಾ?”

ಖಂಡಿತವಾಗಿ ಕೆದಕುತ್ತಿದ್ದರು. ಯಾರದೇ ಆಗಿದ್ದರೂ ಕೆದಕುತ್ತಿದ್ದರು. ಅದು ನನಗೆ ಗೊತ್ತು, ಬಳಗಕ್ಕೆಲ್ಲ ಗೊತ್ತು. ತಮ್ಮ ಬಗ್ಗೆ ತಾವೇ ನಂಬಿದ ಆ ಸುಳ್ಳನ್ನು ಬಿಡಿಸಲು ಒಂದು ವಾಕ್ಯ ಸಾಕಾಗಿತ್ತು. ಅದು ನಾಲಿಗೆಯ ತುದಿಗೆ ಬಂದಿತ್ತು ಎಂದು ಬರೆದರೆ ಮತ್ತೊಂದು ಸುಳ್ಳಾದೀತು. ಬಂದಿರಲಿಲ್ಲ.

“ಪರವಾಗಿಲ್ಲ, ನಾನು ಮರೆತುಬಿಟ್ಟೆ,” ಎಂದೆ. ಅವರ ಕಣ್ಣು ತುಂಬಿತು. ನನ್ನ ಕೈ ಹಿಡಿದು ಅದುಮಿದರು.

ವರ್ಷಗಳು ಕಳೆದವು. ಆ ಅಂಗಿಯನ್ನು ನೋಡಿ ಬಳಗದ ಹೊಸಬರು ನಕಲು ಹೊಲಿದುಕೊಂಡರು. ನಮ್ಮ ಕೂಟದಲ್ಲಿ ತಾವು ನನಗೆ ಶಾಲು ಹೊದಿಸಿದಿರಿ. ಹೋದ ತಿಂಗಳು ಮತಿಯಾಸ್ ಬಂದು, ಬರುವ ವಸಂತದಿಂದ ತಪಾಸಣೆಯ ಜವಾಬ್ದಾರಿಯನ್ನು ನಾನೇ ವಹಿಸಬೇಕೆಂದು ಕೋರಿ, ಗುನ್ನೆಲ್ ಅವರ ಭೂತಗನ್ನಡಿಯನ್ನು ನನ್ನ ಕೈಗಿತ್ತರು. ಅವರು ಬಿಟ್ಟುಹೋದದ್ದು ಅಲ್ಲಿಯೇ ಪೆಟ್ಟಿಗೆಯಲ್ಲಿ ಇತ್ತಂತೆ.

ಅದನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಮಾವಿನ ಉಪ್ಪಿನಕಾಯಿಯ ಜಾಡಿ ಇತ್ತು. ಅದರ ಬಾಯಿಗೆ ಬಟ್ಟೆ ಮುಚ್ಚಿ, ಸುತ್ತಲೂ ನನ್ನ ಹೆಂಡತಿ ನಸ್ರೀನ್ ಬಿಗಿದು ಕಟ್ಟಿದ್ದು — ಅದೇ ಅಂಚು. ನಾನು ಕತ್ತರಿಸಿ ಬಿಸಾಡಿದ್ದನ್ನು, ಗಟ್ಟಿಯಾಗಿದೆ, ಕೆಲಸಕ್ಕೆ ಬರುತ್ತದೆ ಎಂದು ಎತ್ತಿಟ್ಟವಳು ಅವಳು. ಇಷ್ಟು ವರ್ಷ ಆ ಬಿಳಿಯ ಅಕ್ಷರಗಳ ಮುಂದೆ ಕುಳಿತೇ ನಾನು ಉಂಡಿದ್ದೇನೆ.

ಅಂದು ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ತಟ್ಟೆ ಒರೆಸುತ್ತಿದ್ದವಳು ನಿಂತಳು. ನಮ್ಮ ಮಾತು ಉರ್ದುವಿನಲ್ಲಿ ನಡೆದದ್ದು, ಕನ್ನಡದಲ್ಲಿ ಬರೆಯುತ್ತೇನೆ.

“ಆಕೆ ನಮ್ಮ ಮಗಳಿಗೆ ಉಣ್ಣೆ ಟೋಪಿ ಹೆಣೆದು ಕೊಟ್ಟಿದ್ರಲ್ಲ, ಅವರಾ?”

“ಹೌದು.”

“ಅವರನ್ನ ನೀವು ಕ್ಷಮಿಸಿದ್ರಾ?” ಎಂದಳು. ಉಳಿದ ತಟ್ಟೆಗಳನ್ನು ಒರೆಸಿದಳು.

ನಾನು ಗುನ್ನೆಲ್ ಅವರಿಗೆ ಫೋನು ಮಾಡಿ, ಭಾನುವಾರ ಬರಲೇ ಎಂದು ಕೇಳಿದೆ. “ಬಾ ಬಾ,” ಎಂದರು, “ಬನ್ನು ಮಾಡಿಡುತ್ತೇನೆ.” ಆ ದನಿಯಲ್ಲಿದ್ದ ಸಂತೋಷವನ್ನು ಕೇಳಿದ ಮೇಲೆ, ನಾನು ಹೋಗಿ ಹೇಳಬೇಕಾದದ್ದನ್ನು ನೆನೆದು... ಆದರೂ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಆ ಶಬ್ದವನ್ನು ಅವರ ಬಾಯಿಂದ ಹೇಳಿಸಿ ನಾನು ಆಗಲೇ ಕೆಡಿಸಿದ್ದಾಗಿದೆ. ಅಂಗಿಯನ್ನೂ, ಅಂಚನ್ನೂ, ಭೂತಗನ್ನಡಿಯನ್ನೂ ಅವರ ಮುಂದಿಡುತ್ತೇನೆ, ಅವರು ನೋಡಲಿ. ವಸಂತದ ತಪಾಸಣೆಯ ದಿನ ಬಳಗದ ಮುಂದೆಯೂ ಮೊದಲು ನನ್ನ ಅಂಗಿಯನ್ನೇ ಒಳಮೈ ತಿರುವಿ ಇಟ್ಟು, ಇದನ್ನೆಲ್ಲ ಸ್ವೀಡಿಷಿನಲ್ಲಿ ಹೇಳುತ್ತೇನೆ. ಆ ಬಳಿಕ ಅಲ್ಲಿ ನನ್ನ ಪಕ್ಕ ಯಾರು ಕೂರುವರೋ ತಿಳಿಯದು. ಮುಂದೊಂದು ದಿನ ನಿಜವಾಗಿಯೂ ಅವಮಾನಗೊಂಡ ಯಾರಾದರೂ ಅದೇ ಕೋಣೆಯಲ್ಲಿ ಎದ್ದು ನಿಂತಾಗ, ನನ್ನನ್ನು ನೆನೆದು ಜನರು ಅವರನ್ನು ನಂಬದೆ ಹೋದರೆ — ಅದಕ್ಕೂ ಹೊಣೆಗಾರ ನಾನೇ.

ಈ ಬರಹವನ್ನು ಶನಿವಾರ ಮುಗಿಸಿದ್ದೇನೆ. ಭಾನುವಾರ ಅವರ ಮನೆಯಿಂದ ಹಿಂದಿರುಗಿದ ಬಳಿಕವಷ್ಟೇ ಕಳುಹಿಸುತ್ತೇನೆ; ಇದು ತಮ್ಮ ಕೈಸೇರಿದ್ದೇ ನಾನು ಹೋಗಿ ಬಂದೆನೆಂಬುದಕ್ಕೆ ಪುರಾವೆಯೆಂದು ಭಾವಿಸತಕ್ಕದ್ದು. ಈಗ ತಾನೇ ನಸ್ರೀನ್ ಬಂದು, ತೊಳೆದು ಒಣಗಿಸಿದ ಆ ಅಂಚನ್ನು ಮಡಚಿ ಅಂಗಿಯ ಮೇಲಿಟ್ಟು ಹೋದಳು. “ಉಪ್ಪಿನಕಾಯಿಗೆ ಬೇರೆ ದಾರ ಕಟ್ಟಿದೀನಿ,” ಎಂದಳು. ಎಣ್ಣೆಯ ಕಲೆ ಪೂರ್ತಿ ಹೋಗಿಲ್ಲ. ಅಕ್ಷರಗಳು ಮಾತ್ರ ಸ್ಪಷ್ಟವಾಗಿವೆ.

ಇದನ್ನು ಮುದ್ರಿಸುವಿರಾದರೆ ನನ್ನ ಹೆಸರನ್ನು ತೆಗೆಯಬಾರದಾಗಿ ಕೋರುತ್ತೇನೆ. ಒತ್ತಕ್ಷರ, ದೀರ್ಘ, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ನಾನು ಬಹಳ ಕಡೆ ಎಡವಿರುವೆನು. ತಾವೂ ಓದುಗರೂ ಕಂಡಲ್ಲೆಲ್ಲ ದಯಮಾಡಿ ತಿದ್ದಬೇಕೆಂದು ವಿನಂತಿ.

ಇತಿ ತಮ್ಮ ವಿಧೇಯ,
ಇಮ್ತಿಯಾಜ್
ಟೋರ್ಸ್‌ಲಾಂಡ