ಹೋಗಿ ಬರುವಷ್ಟು ನೆಲ

"ಏಯ್ ಜೋ, ಇನ್ನೂ ಇಲ್ಲೇ ಇದ್ದೀಯಾ? ಗಂಟುಮೂಟೆ ಕಟ್ಟಿ ಅಂತ ಪೇಪರಲ್ಲೇ ಬಂದಿದೆಯಲ್ಲೋ! ಮುದುಕರ ಕುಂಡೆ ಒರೆಸೋಕೆ ಅಷ್ಟು ದೂರದಿಂದ ಬರಬೇಕಿತ್ತಾ? ಮನೆಗೆ ಯಾವಾಗ ಹೋಗ್ತೀಯಾ?"

ಗಂಜಿ ಬಟ್ಟಲುಗಳ ನಡುವೆ, ಇಡೀ ಊಟದ ಕೋಣೆಯ ಎದುರು ಕೀತ್ ಹೀಗೆ ಕೂಗುತ್ತಾನೆ. ಮೀನು ಮಂಡಿಯ ಕೆಲಸಕ್ಕೆ ಹೋಗುವ ದಾರಿಯಲ್ಲಿ ತಾಯಿ ಡೊರೀನ್ ಅವರನ್ನು ನೋಡಲು ಬಂದವನು. ಯಾರೋ ನಗುತ್ತಾರೆ. ಉಳಿದವರು ತಮ್ಮ ಚಮಚ ನೋಡಿಕೊಳ್ಳುತ್ತಾರೆ. ಜೋಸಾಯ ಮುರೆವಾ ಚೆಲ್ಲಿದ ಹಾಲು ಒರೆಸಿ, ಬಟ್ಟೆ ಹಿಂಡಿ, ಅದೇ ಡೊರೀನ್ ಅವರ ಬಾಯಿಗೆ ಮುಂದಿನ ತುತ್ತು ಇಡುತ್ತಾರೆ.

ಇಂಗ್ಲಿಷರ ನಾಡಿನ ಬ್ರಿಡ್ಲಿಂಗ್ಟನ್ನಿನ ಕಡಲ ದಂಡೆಯ ಮೇಲಿರುವ ಈ ವೃದ್ಧಾಶ್ರಮಕ್ಕೆ ಜೋಸಾಯ ಬರುವುದು ಕತ್ತಲು ಕರಗುವ ಮೊದಲು. ಮಂಜು ಇಳಿದ ದಿನ ಕಡಲು ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ಮನೆಯೇ ದಡ ಬಿಟ್ಟು ತೇಲುತ್ತಿರುವಂತೆ ಕಾಣುತ್ತದೆ. ಒಂದೊಂದು ಕೋಣೆಯ ಮುಂದೂ ನಿಂತು, ಮೊಣಕಾಲು ತುಸು ಬಗ್ಗಿಸಿ, ಮೆಲ್ಲಗೆ ಎರಡು ಚಪ್ಪಾಳೆ ತಟ್ಟುತ್ತಾರೆ. ಹಿರಿಯರಿದ್ದ ಕಡೆ ಸುಮ್ಮನೆ ನುಗ್ಗುವುದು ಅವರ ಶೋನಾ ಜನರಲ್ಲಿ ಇಲ್ಲ. ಗಂಡಸರದು ಬೆರಳಿಗೆ ಬೆರಳು ಕೂಡಿಸಿದ ಚಪ್ಪಾಳೆ. ಹೆಂಗಸರದು ಅಂಗೈ ಬೋಗುಣಿ ಮಾಡಿ ತಟ್ಟುವ ಟೊಳ್ಳು ಸದ್ದು.

ಮಗನ ಹೆಸರನ್ನೇ ಮರೆತಿರುವ ಡೊರೀನ್ ಇದನ್ನು ಮಾತ್ರ ಕಲಿತಿದ್ದಾರೆ. ಹಾಸಿಗೆಯಿಂದಲೇ ಬೋಗುಣಿ ಕೈಯಲ್ಲಿ ತಟ್ಟುತ್ತಾರೆ.

"ಬಾರೋ ನನ್ನ ಚಿನ್ನ. ದೋಣಿ ಬಂತಾ?"

"ಬರ್ತಾ ಇದೆ ಅಮ್ಮಾ. ಕಾಲು ಈಚೆ ಹಾಕಿ, ನೋಡೋಣ."

"ಸುಳ್ಳ. ನಿನ್ನೆಯೂ ಹೀಗೇ ಅಂದೆ."

"ನಿನ್ನೆ ಮಂಜಿತ್ತಲ್ಲ!"

ಜಿಂಬಾಬ್ವೆಯ ಮುಟೊಕೊದಲ್ಲಿ ಜೋಸಾಯ ಬಸ್ ಓಡಿಸುತ್ತಿದ್ದರು. ಇಲ್ಲಿ ಆರೈಕೆಗೆ ಜನವಿಲ್ಲ, ಬನ್ನಿ ಎಂದು ಕರೆದರು, ಬಂದರು. ಐದು ವರ್ಷ ದುಡಿದರೆ ಕಾಯಂ ನೆಲೆ ಎಂಬುದು ಅಂದಿನ ಮಾತು. ಎರಡನೇ ವರ್ಷ ಅವರ ತಾಯಿ ತೀರಿಕೊಂಡರು. ಮಣ್ಣು ಮಾಡಿದ್ದನ್ನು ಜೋಸಾಯ ನೋಡಿದ್ದು ಫೋನಿನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಅಪ್ಪನ ಸಾವಿಗೆಂದು ಊರಿಗೆ ಹೋಗಿದ್ದ ಜೊತೆಗಾರನೊಬ್ಬ, ಇಲ್ಲಿ ತನ್ನನ್ನು ಕೆಲಸಕ್ಕೆ ಕರೆಸಿದ್ದ ಸಂಸ್ಥೆ ಮುಚ್ಚಿದ್ದರಿಂದ ವೀಸಾ ಕಳೆದುಕೊಂಡು ಅಲ್ಲೇ ಉಳಿದುಹೋಗಿದ್ದ. ಆ ಹೆದರಿಕೆಗೆ ಇವರು ಹೊರಡಲಿಲ್ಲ.

"ನಮ್ಮಲ್ಲಿ ಸತ್ತವರು ತಕ್ಷಣ ಮನೆಗೆ ಬರಲ್ಲ," ಎನ್ನುತ್ತಾರೆ ಜೋಸಾಯ, ಒದ್ದೆ ಹಾಸಿಗೆಬಟ್ಟೆ ಸುತ್ತುತ್ತ. "ಕಾಡಲ್ಲಿ ಅಲೀತಾ ಇರ್ತಾರೆ. ಹಿರೀಮಗ ಸಮಾಧಿ ಹತ್ರ ಹೋಗಿ, ರಾಗಿ ಹೆಂಡ ಎರೆದು, ಬಾಮ್ಮಾ ಅಂತ ಕರ್ಕೊಂಡು ಬರಬೇಕು. ಅಲ್ಲೀವರೆಗೂ ಅವಳು ಅಂಗಳದ ಆಚೆಗೇ."

ಈ ಜುಲೈಗೆ ಇಲ್ಲಿಗೆ ಬಂದು ಐದು ವರ್ಷ ತುಂಬುತ್ತದೆ. ಸೆಪ್ಟೆಂಬರಿಗೆ ಶಾಸ್ತ್ರವೆಂದು ತಂಗಿ ಸೆಕಾಯಿ ಹೊಸ ರಾಗಿ ತೆಗೆದಿರಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸಮಾಧಿಗೆ ನಶ್ಯ ಚೆಲ್ಲಿ, ಚಪ್ಪಾಳೆ ತಟ್ಟಿ, ನಿನ್ನ ಮಗ ಬರುತ್ತಿದ್ದಾನೆ ಎಂದು ತಾಯಿಗೂ ಹೇಳಿಬಿಟ್ಟಳು. ಜೋಸಾಯ ಅವರೇ ಹೇಳಿಸಿದ್ದು. ಸತ್ತವರಿಗೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವರಲ್ಲಿಲ್ಲ.

ಆಮೇಲೆ ಸುದ್ದಿ ಬಂತು. ಕಾಯಂ ನೆಲೆಗೆ ಐದು ವರ್ಷ ಎಂದಿದ್ದ ಸರ್ಕಾರ ಈಗ ಹತ್ತು ಎನ್ನುತ್ತಿದೆ, ಆರೈಕೆಯವರಿಗೆ ಹದಿನೈದಂತೆ. ಓದಲು ಬಂದವರಿಗೂ ಬಿಗಿ, ದುಡಿಯಲು ಬಂದವರಿಗೂ ಬಿಗಿ. ಆಗಲೇ ಬಂದು ಸವೆದವರಿಗೂ ಇದೇ ನಿಯಮವೇ ಎಂದರೆ, ಪ್ರಸ್ತಾಪವಷ್ಟೇ, ಪರಿಶೀಲನೆಯಲ್ಲಿದೆ. ಇದರ ಹೆಸರು ಸುಧಾರಣೆ! ಹೆಸರಿಟ್ಟ ಮಹಾನುಭಾವರ ತಾಯಂದಿರನ್ನು ಬೆಳಿಗ್ಗೆ ಯಾರು ಎತ್ತಿ ಕೂರಿಸುತ್ತಾರೆ ಎಂದು ಒಬ್ಬರಾದರೂ ಕೇಳಬೇಕು.

ಮೊನ್ನೆ ಚಹಾದ ಬಿಡುವಿನಲ್ಲಿ ಸೆಕಾಯಿಯ ಕರೆ.

"ಅಣ್ಣಾ, ರಾಗಿಗೆ ಹುಳ ಬೀಳತ್ತೆ. ಮನೆಗೆ ಯಾವಾಗ ಬರ್ತೀಯಾ?"

"ಕಾನೂನು ಇನ್ನೂ ತೀರ್ಮಾನ ಆಗಿಲ್ಲ ಕಣೇ."

"ಅಮ್ಮಂಗೆ ಹೇಳಿಬಿಟ್ಟಿದೀವಿ. ಈಗ ಸರ್ಕಾರ ಮನಸ್ಸು ಬದಲಾಯಿಸ್ತು ಅಂತ ಅವಳಿಗೆ ಯಾರು ಹೇಳೋದು? ನೀನೇ ಬಂದು ಹೇಳು!"

ಜೋಸಾಯ ನಗುತ್ತಾರೆ. ಫೋನ್ ಇಟ್ಟ ಮೇಲೆ ನಗುವುದಿಲ್ಲ.

"ಇತ್ತೀಚೆಗೆ ಮಂಜಿನ ಬೆಳಿಗ್ಗೆ ಹೊರಬಾಗಿಲಲ್ಲಿ ಯಾರೋ ಚಪ್ಪಾಳೆ ತಟ್ಟಿದ ಹಾಗಾಗುತ್ತೆ. ಬೋಗುಣಿ ಚಪ್ಪಾಳೆ. ಹೋಗಿ ಬಾಗಿಲು ತೆಗೀತೀನಿ. ಬರೀ ಕಡಲು," ಎನ್ನುತ್ತಾರೆ.

ಹಾಗಾದರೆ ಹೊರಟೇಬಿಡಬಾರದೇ ಎಂದು ಕೇಳಿದರೆ ಅವರ ಉತ್ತರ ಇದು.

"ಹೋಗಬಹುದು. ಹೋದರೆ ಇಷ್ಟು ವರ್ಷ ನೀರಲ್ಲಿ ಹೋಮ. ಹೋಗದೇ ಇದ್ರೆ ಅವಳು ಹೊರಗೆ. ಇಲ್ಲೇ ಸಾಯಬೇಕು ಅಂತ ನನಗೇನೂ ಆಸೆ ಇಲ್ಲಪ್ಪ. ಹೋಗಿ ಬರೋ ಹಾಗಿರಬೇಕು, ಅಷ್ಟೇ."

ಗಂಜಿ ಮುಗಿದ ಮೇಲೆ ಡೊರೀನ್ ಅವರನ್ನು ಕೋಣೆಗೆ ಕರೆದೊಯ್ದು ಮಲಗಿಸಿ ಬರುವಷ್ಟರಲ್ಲಿ ಕೀತ್ ಹೊರಬಾಗಿಲಲ್ಲಿ ಕೋಟು ಹಾಕಿಕೊಳ್ಳುತ್ತಿದ್ದಾನೆ. ಸುತ್ತ ಗಾಲಿಕುರ್ಚಿಯವರು, ಕೆಲಸದ ಹುಡುಗಿಯರು.

"ಉತ್ತರ ಕೊಡಲೇ ಇಲ್ಲವಲ್ಲೋ ಜೋ. ಮನೆಗೆ ಯಾವಾಗ ಹೋಗ್ತೀಯಾ?"

ಜೋಸಾಯ ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಪಡಸಾಲೆಯ ಆ ತುದಿಯಿಂದ, ಡೊರೀನ್ ಅವರ ಕೋಣೆಯ ಕಡೆಯಿಂದ, ಎರಡು ಚಪ್ಪಾಳೆ. ಬೋಗುಣಿ ಅಂಗೈಯ ಟೊಳ್ಳು ಸದ್ದು. ಕೀತ್‌ಗೆ ಬೆನ್ನು ತಿರುಗಿಸಿ, ಕೈ ಒರೆಸಿಕೊಳ್ಳುತ್ತ, ಜೋಸಾಯ ಆ ಸದ್ದಿನ ಕಡೆಗೆ ನಡೆದುಹೋಗುತ್ತಾರೆ.